ಸೂಗಪ್ಪನ ಎಡಗಡೆಯ ಕಲ್ಲು

ಜೂನ್ 3, 2024, ಸೋಮವಾರ

ಎರಡು ವರ್ಷಗಳ ತರುವಾಯ ಇಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೂಜೆ ಮುಗಿಸಿ, ಹಣೆಗೆ ಅಂಗಾರದ ಕರಿ ನಾಮ, ಅಕ್ಷತೆ ಇಟ್ಟುಕೊಂಡು ಕೆಲಸಕ್ಕೆಂದು ಮನೆ ಬಿಟ್ಟೆ. ಸಿಕಂದರಾಬಾದ್ ಈಸ್ಟ್‌ನಲ್ಲಿ ಮೆಟ್ರೋ ಹತ್ತಿ ಅಮೀರ್‌ಪೇಟೆಯಲ್ಲಿ ಇಳಿದರೆ ಆಸ್ಪತ್ರೆಗೆ ಎಂಟು ನಿಮಿಷದ ನಡಿಗೆ. ಕೋಚಿಂಗ್ ಸೆಂಟರುಗಳ ಮುಂದೆ ನಿಂತ ಹುಡುಗ ಹುಡುಗಿಯರ ನಡುವೆ ದಾರಿ ಮಾಡಿಕೊಂಡು ಹೋಗುವಾಗ ನನಗೂ ಏನೋ ಪರೀಕ್ಷೆ ಇದ್ದಂತೆಯೇ ಭಾಸವಾಯಿತು.

ಉದ್ಯೋಗದ ಸ್ವರೂಪ ಇಷ್ಟು: ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಕಡೆಯಿಂದ ಈ ಆಸ್ಪತ್ರೆಗೆ ಬರುವ ರೋಗಿಗಳಿಗೆ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸುವುದು. ಮೂರು ತಿಂಗಳು ಪ್ರಾಯೋಗಿಕ ಅವಧಿ. ನನ್ನ ಮೇಲಧಿಕಾರಿ ಸಮರ್ಥ್ ಎಂಬ ಮೈಸೂರಿನ ತರುಣ. "ಸರ್, ನಿಮ್ಮಂಥ ಬಯಾಲಜಿ ಮೇಷ್ಟ್ರು ಸಿಕ್ಕಿದ್ದು ನಮ್ಮ ಪುಣ್ಯ" ಎಂದ. ಪುಣ್ಯ ಯಾರದೋ. ಈ ನಗರದಲ್ಲಿ ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಕಲಿಸಿದೆ. ಕೊನೆಯ ತರಗತಿಯಲ್ಲಿ ಏಳು ಮಕ್ಕಳಿದ್ದರು. ನಾನು ನಿವೃತ್ತನಾದೆ, ವಿಭಾಗವನ್ನೂ ಮುಚ್ಚಿದರು. ಯಕೃತ್ತು, ಗುಲ್ಮ, ಶ್ವಾಸಕೋಶ ಎಂಬ ಶಬ್ದಗಳನ್ನು ಇನ್ನು ಯಾರ ಮುಂದೆ ಉಚ್ಚರಿಸಲಿ ಎಂದು ಈ ಎರಡು ವರ್ಷ ಕೊರಗಿದವನಿಗೆ ಈಗ ಕೇಳುವವರು ದೊರೆತರು.

ಪಾರಿಭಾಷಿಕ ಪದಗಳ ನನ್ನ ಹಳೆಯ ನೋಟ್‌ಬುಕ್ಕಿನ ಧೂಳು ಒರೆಸಿ ಚೀಲಕ್ಕೆ ಹಾಕಿಕೊಂಡಿದ್ದೆ. ಮೊದಲ ರೋಗಿ ಸೇಡಂ ಕಡೆಯ ವೃದ್ಧೆ. "ತಾಯಿ, ನಿಮ್ಮ ಮೇದೋಜೀರಕ ಗ್ರಂಥಿಯಲ್ಲಿ ಉರಿಯೂತವಿದೆ" ಎಂದು ಸ್ಪಷ್ಟವಾಗಿ ತಿಳಿಸಿದೆ. ಆಕೆ, "ಜೀರಗಿ ತಿನ್ನೂದು ಬಿಟ್ಟು ಭಾಳ ದಿನ ಆತ್ರೀ ಯಪ್ಪಾ" ಎಂದಳು. ಅಜ್ಞಾನಕ್ಕೆ ಮದ್ದೆಲ್ಲಿ?

ಜೂನ್ 5, ಬುಧವಾರ

"ಸಿರೆಯೊಳಗೆ ಸೂಜಿ ಹಾಕುತ್ತಾರೆ" ಎಂದಾಗ ಒಬ್ಬಾತ ಗಾಬರಿಯಿಂದ ಹೆಂಡತಿಯ ಸೀರೆ ನೋಡಿದ. ಮನೆಗೆ ಬಂದು ನನ್ನ ಹೆಂಡತಿ ವನಜಾಳಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಯಾರನ್ನು ನೋಡಿ ನಕ್ಕಳೋ ತಿಳಿಯಲಿಲ್ಲ.

ಜೂನ್ 12, ಬುಧವಾರ

ಆಸ್ಪತ್ರೆಯ ಕನ್ನಡ ಫಲಕಗಳ ಸ್ಥಿತಿ ಶೋಚನೀಯವಾಗಿತ್ತು. "ಕಿಡ್ನಿ ಡಾಕ್ಟರ್", "ಎದಿ ಡಾಕ್ಟರ್" ಎಂದು ಯಾರೋ ಬರೆಸಿಬಿಟ್ಟಿದ್ದರು. ಸಮರ್ಥ್‌ನ ಮನವೊಲಿಸಿ "ಮೂತ್ರಪಿಂಡ ಹಾಗೂ ಮೂತ್ರಾಂಗ ವಿಭಾಗ", "ಶ್ವಾಸಕೋಶ ವಿಭಾಗ" ಎಂದು ಮುದ್ರಿಸಿ ಅಂಟಿಸಲಾಯಿತು. ನೋಡಲು ಎಷ್ಟು ಗಂಭೀರವಾಗಿ ಕಾಣುತ್ತಿವೆ!

ಮಧ್ಯಾಹ್ನದಿಂದ ಅನೇಕರು ನನ್ನ ಮೇಜಿಗೇ ಬಂದು "ಕಿಡ್ನಿ ಡಾಕ್ಟರ್ ಎಲ್ಲಿ ಕುಂದರ್ತಾರ್ರೀ?" ಎಂದು ವಿಚಾರಿಸಿದರು. ಫಲಕವನ್ನು ಓದಲಾರದಷ್ಟು ಆಲಸ್ಯ.

ಜೂನ್ 20, ಗುರುವಾರ

ಇಂದಿನ ಒಂದು ಪ್ರಕರಣವನ್ನು ವಿವರವಾಗಿ ಬರೆದಿಡುತ್ತೇನೆ, ಏಕೆಂದರೆ ನನ್ನ ಅನುವಾದ ಇಂದು ನಿರ್ದುಷ್ಟವಾಗಿತ್ತು.

ಚಿತ್ತಾಪುರ ತಾಲೂಕಿನ ಸೂಗಪ್ಪ, ವಯಸ್ಸು ಐವತ್ತೆರಡು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಕೆಲಸ. ಜೊತೆಗೆ ಹೆಂಡತಿ ಚಂದಮ್ಮ. ಆತನ ಕೈಗಳು ಕಲ್ಲಿನಂತೆಯೇ ಇವೆ. ಸೊಂಟದ ಎಡಗಡೆ ನೋವು. ಡಾಕ್ಟರ್ ಪ್ರಣೀತಾ ಸ್ಕ್ಯಾನ್ ತೋರಿಸಿ ತೆಲುಗಿನಲ್ಲಿ ವಿವರಿಸಿದರು: ಎಡಗಡೆಯ ಕಿಡ್ನಿಯ ನಾಳದಲ್ಲಿ ಕಲ್ಲು ಸಿಕ್ಕಿಬಿದ್ದಿದೆ. ಬಲಗಡೆಯದು ಮೊದಲಿನಿಂದಲೂ ಸಣ್ಣದು, ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಎಡಗಡೆಯದನ್ನು ಉಳಿಸಿಕೊಳ್ಳಲೇಬೇಕು. ಈಗಲೇ ಸೇರಿಸಿಕೊಂಡು ಶನಿವಾರ ಒಳಗೊಂದು ನಳಿಕೆ ಇಡುತ್ತೇವೆ. ಅಷ್ಟರಲ್ಲಿ ಚಳಿಜ್ವರ ಬಂದರೆ ಒಂದು ಗಂಟೆಯೂ ತಡೆಯಬಾರದು.

ನಾನು ಹೇಳಿದ್ದು: "ಸೂಗಪ್ಪನವರೇ, ನಿಮ್ಮ ಎಡ ಮೂತ್ರಪಿಂಡದ ನಾಳದಲ್ಲಿ ಅಶ್ಮರಿ ಸಿಲುಕಿ ಅವರೋಧ ಉಂಟಾಗಿದೆ. ಬಲ ಮೂತ್ರಪಿಂಡ ಅಸಮರ್ಥವಾಗಿದೆ. ಶನಿವಾರ ಶಸ್ತ್ರಕ್ರಿಯೆಯ ಮೂಲಕ ಎಡ ಮೂತ್ರಪಿಂಡಕ್ಕೆ ನಳಿಕೆಯನ್ನು ಅಳವಡಿಸಲಾಗುವುದು. ಜ್ವರ, ಕಂಪನ ಕಾಣಿಸಿಕೊಂಡಲ್ಲಿ ತಕ್ಷಣ ತಿಳಿಸತಕ್ಕದ್ದು."

ಒಂದೂ ಅನ್ಯಭಾಷಾ ಪದವಿಲ್ಲ!

"ಅರ್ಥಮಯ್ಯಿಂದಾ?" ಎಂದು ಡಾಕ್ಟರ್ ಕೇಳಿದರು. ಅವರು ಎಲ್ಲರಿಗೂ ಹೀಗೆಯೇ ಕೇಳುತ್ತಾರೆ. ಅರ್ಥವಾಯಿತೇ ಎಂಬುದಷ್ಟು ತೆಲುಗಿನಲ್ಲಿಯೂ ತಿಳಿಯುತ್ತದೆ. ಸೂಗಪ್ಪ ನನ್ನನ್ನು ನೋಡುತ್ತ ಕೈಮುಗಿದು ತಲೆಯಾಡಿಸಿದ. ಚಂದಮ್ಮ ಮಾತ್ರ, "ಸರ್, ಶನಿವಾರ ಅಮಾಸಿ ಐತೇನ್ರಿ?" ಎಂದಳು. "ಇಲ್ಲವ್ವ, ಹುಣ್ಣಿಮೆ" ಎಂದೆ. ಆಸ್ಪತ್ರೆಗೆ ಬಂದರೂ ತಿಥಿ ನಕ್ಷತ್ರಗಳ ಮೂಢನಂಬಿಕೆ ಬಿಡದು.

ಜೂನ್ 21, ಶುಕ್ರವಾರ

ಸೂಗಪ್ಪ ಇಲ್ಲ.

ಬೆಳಿಗ್ಗೆ ವಾರ್ಡಿಗೆ ಹೋದರೆ ಹಾಸಿಗೆ ಖಾಲಿ. ಹೊದಿಕೆಯನ್ನು ನೀಟಾಗಿ ಮಡಚಿ ದಿಂಬಿನ ಮೇಲೆ ಇಟ್ಟಿದ್ದರು. ಯಾರಿಗೂ ಹೇಳಿಲ್ಲ. ಆರು ಗಂಟೆಯ ಸುಮಾರಿಗೆ ಚಹಾ ಕುಡಿದು ಬರುತ್ತೇವೆಂದು ಹೋದವರು ತಿರುಗಿ ಬಂದಿಲ್ಲ.

ಡಾಕ್ಟರ್ ಪ್ರಣೀತಾ ನನ್ನನ್ನು ಕರೆಸಿದರು. "ನೀವು ಏನು ಹೇಳಿದಿರಿ ಅವರಿಗೆ?" ಎಂದರು. ನೋಟ್‌ಬುಕ್ ತೆಗೆದು ಬರೆದದ್ದನ್ನು ಇದ್ದ ಹಾಗೆಯೇ ಓದಿದೆ. ಅವರಿಗೆ ಕನ್ನಡ ಬಾರದು. "ಸರಿಯಾಗಿಯೇ ಹೇಳಿರಬೇಕು. ಆದರೆ ಆತನಿಗೆ ಇರುವುದು ಒಂದೇ ಕಿಡ್ನಿ ಎಂದು ಲೆಕ್ಕ. ಜ್ವರ ಬಂದರೆ ನನ್ನ ಕೈಯಲ್ಲೂ ಇರುವುದಿಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದ ಹಾಸಿಗೆಯ ರಾಯಚೂರಿನವನನ್ನು ಕೇಳಿದೆ. ಆತ ಹೇಳಲೋ ಬೇಡವೋ ಎಂದು ನನ್ನ ಹಣೆಯನ್ನೇ ನೋಡುತ್ತಿದ್ದ.

"ಸರ್, ನೀವs ಹೇಳೀರಂತಲ್ರಿ. ಶನಿವಾರ ಪಿಂಡ ಅಂತ."

"ಏನು?"

"ಎಡಗಡಿ ಪಿಂಡ, ಬಲಗಡಿ ಪಿಂಡ ಅಂದ್ರಂತ. ಅವನ ಹೆಣ್ತಿ ಸಂಜಿ ಪೂರಾ ಅತ್ಲು ನೋಡ್ರಿ. ಸಾಯೂದಿದ್ರ ಊರಾಗ ಸಾಯ್ತೀನಿ ಅಂದ ಅವ."

ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಮೂತ್ರಪಿಂಡ ತಪ್ಪು ಪದವಲ್ಲ. ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಅದನ್ನೇ ಬರೆದಿದ್ದೇನೆ, ಅವರೆಕಾಳಿನಂಥ ಅದರ ಚಿತ್ರವನ್ನು ಕಣ್ಣುಮುಚ್ಚಿ ಬಿಡಿಸಬಲ್ಲೆ. ಪಠ್ಯಪುಸ್ತಕದಲ್ಲಿ ಅದೇ ಇದೆ. ತಪ್ಪು ಪದವಲ್ಲ.

ದಾಖಲೆಯಲ್ಲಿದ್ದ ಫೋನ್ ನಂಬರು ಚಂದಮ್ಮನ ತಮ್ಮ ಬಸವಕಿರಣನದು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನಂತೆ. ಮೂರನೆಯ ಸಲ ಎತ್ತಿದ. ಹೌದು, ಅಕ್ಕ ಮಾವ ನಮ್ಮ ರೂಮಿನಾಗ ಅದಾರ್ರೀ, ಭಾನುವಾರ ರೈಲಿಗೆ ಊರಿಗೆ ಹೊಂಟಾರ, ಎಂದ. ಸೂಗಪ್ಪನಿಗೆ ಫೋನು ಕೊಡು ಎಂದೆ. ಹಿಂದೆ ಏನೋ ಮಾತು ಕೇಳಿಸಿತು. "ಒಲ್ಲೆ ಅಂತಾರ್ರೀ" ಎಂದು ಇಟ್ಟುಬಿಟ್ಟ.

ಸಮರ್ಥ್‌ನಿಗೆ ಎಲ್ಲವನ್ನೂ ಹೇಳಿದೆ. "ಸೋಮವಾರ ಕೂತು ಮಾತಾಡೋಣ ಸರ್" ಎಂದ. ಮುಖ ನೋಡಿ ಹೇಳಲಿಲ್ಲ.

ಜೂನ್ 22, ಶನಿವಾರ

ಜೀಡಿಮೆಟ್ಲಾಕ್ಕೆ ಹೋಗುತ್ತೇನೆ ಎಂದಾಗ ವನಜಾ ಒಗ್ಗರಣೆಯ ಸೌಟು ಕೆಳಗಿಟ್ಟು, "ನಾನೂ ಬರ್ತೀನಿ" ಎಂದಳು.

"ನೀನ್ಯಾಕ?"

"ನೀವೊಬ್ಬರೇ ಹೋದ್ರ ಅವರು ಊರು ಬಿಟ್ಟು ದೇಶಾನೇ ಬಿಟ್ಟು ಹೋಗ್ತಾರ. ನಡೀರಿ. ಮತ್ತ ಆ ಹಣೀ ಒರಿಸಿಕೋರಿ."

ಒರೆಸಿಕೊಂಡೆ. ಹಾಗೆ ಅವಳ ಮುಂದೆ ಹಿಂದೆಂದೂ ಹಣೆ ಒರೆಸಿಕೊಂಡ ನೆನಪಿಲ್ಲ.

ಬಾಲಾನಗರ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಔಷಧದ ವಾಸನೆ ಒಳಗೆ ಬಂತು. ಬೆಳಿಗ್ಗೆ ಮತ್ತೆ ಫೋನ್ ಮಾಡಿ ತಿಳಿಸಿದ್ದರಿಂದ ಬಸವಕಿರಣ ಶಾಪೂರ್‌ನಗರದ ಸ್ಟಾಪಿನಲ್ಲಿ ಕಾದಿದ್ದ, ಡ್ಯೂಟಿ ಮುಗಿಸಿ ನೇರ ಬಂದವನು. ಒಳ್ಳೆಯ ಮನುಷ್ಯ, ನಾವು ಬರುವುದನ್ನು ಅವರಿಗೆ ಹೇಳಿರಲಿಲ್ಲ. ಒಂದೇ ಕೋಣೆ, ತಗಡಿನ ಚಾವಣಿ. ಸೂಗಪ್ಪ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನನ್ನನ್ನು ಕಂಡೊಡನೆ ಚಂದಮ್ಮ ಎದ್ದು ಗಂಡನಿಗೆ ಅಡ್ಡ ನಿಂತಳು. ಅಡ್ಡ ನಿಂತಳು ಎಂದರೆ ಅಕ್ಷರಶಃ ಅಡ್ಡ ನಿಂತಳು.

"ಅವರನ್ನ ಬಿಟ್ಟುಬಿಡ್ರಿ ಸರ್. ಇನ್ನೂ ಮಗಳ ಲಗ್ನ ಆಗೂದೈತಿ."

ನಾನು ಬಾಯಿ ತೆರೆದೆ. "ನೋಡಮ್ಮ, ಮೂತ್ರಪಿಂಡ ಎಂದರೆ..." ವನಜಾ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ತಾನೇ ಚಾಪೆಯ ತುದಿಗೆ ಕುಳಿತು, "ಕೂಡು ತಂಗಿ" ಎಂದಳು. "ನಮ್ಮವರು ಮಾಸ್ತರರು. ಬಾಯಿ ತೆಗೆದ್ರ ಪುಸ್ತಕ. ಮನಶ್ಯಾ ಕೆಟ್ಟವರಲ್ಲ. ಅವರು ಹೇಳಿದ್ದು ನಿನಗ ಏನಂತ ತಿಳೀತು? ಅದನ್ನ ಹೇಳು."

ಚಂದಮ್ಮ ಗಂಡನ ಕಡೆ ನೋಡಿದಳು. ಸೂಗಪ್ಪ ಗೋಡೆಯ ಕಡೆಗೆ ಮುಖ ಇಟ್ಟುಕೊಂಡೇ ಹೇಳಿದ.

"ನಮ್ಮ ಮಂದ್ಯಾಗ ಪಿಂಡ ಇಡಂಗಿಲ್ರಿ ಅವ್ವಾರ, ಹುಗೀತೀವಿ. ಖರೆ, ನಮ್ಮ ಖಣಿ ಮಾಲಕರ ಮನ್ಯಾಗ ಕಂಡೀನಿ. ಅವರಪ್ಪ ಸತ್ತಾಗ ಕರಿ ನಾಮದ ಆಚಾರ್ರು ಬಂದು ಎಡಕ್ಕೊಂದು ಬಲಕ್ಕೊಂದು ಪಿಂಡ ಇಟ್ರು. ಈ ಸರ್ ಹಣಿಮ್ಯಾಗೂ ಅದs ಕರಿ ನಾಮ. ಶನಿವಾರ ಪಿಂಡ ಅಂದ್ರು. ಡಾಕ್ಟರ್ ತಮ್ಮ ಬಾಯಿಲೆ ಹೇಳಲಾರದ ಇವರ ಕಡಿಂದ ಹೇಳಸ್ಯಾರ ಅಂತ ತಿಳ್ಕೊಂಡೆ."

ಹೊರಗೆ ಯಾವುದೋ ಕಾರ್ಖಾನೆಯ ಸೈರನ್ ಕೂಗಿ ನಿಂತಿತು. ನನಗೆ ನಗು ಬರಲಿಲ್ಲ. ಒಬ್ಬ ಮನುಷ್ಯ ಎರಡು ದಿನ ತಾನು ಸತ್ತೇ ಹೋದೆ ಎಂದುಕೊಂಡು ಮಲಗಿದ್ದಾನೆ, ನಾನು ಗುರುವಾರ ಮನೆಗೆ ಬಂದು "ನಿರ್ದುಷ್ಟ" ಎಂದು ಬರೆದಿದ್ದೇನೆ.

ನೆಲದ ಮೇಲೆ ಕುಳಿತೆ. "ಸೂಗಪ್ಪ, ತಪ್ಪು ನಂದು" ಎಂದೆ. "ಪಿಂಡ ಅಂದದ್ದು ಕಿಡ್ನಿಗೆ."

ಆತ ತಿರುಗಿ ನೋಡಿದ. "ಕಿಡ್ನಿ? ಗುರ್ದಾ?"

"ಗುರ್ದಾ."

"ಹಂಗಾರ ಗುರ್ದಾ ಅನ್ನಬೇಕಿಲ್ಲೇನ್ರಿ!"

ಚಂದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೇಳಲಾಗದು.

ಬೆರಳಿನಿಂದ ನೆಲದ ಮೇಲೆ ಚಿತ್ರ ಬರೆದು ತೋರಿಸಿದೆ. ಗುರ್ದಾದಾಗ ಉಚ್ಚಿ ಆಗ್ತದ, ಈ ಕೊಳವಿ ಹಿಡಿದು ಕೆಳಗಿಳೀತದ, ಇಲ್ಲಿ ಒಂದು ಕಲ್ಲು ಸಿಕ್ಕೊಂಡದ. ಕಲ್ಲು ಎಂದಾಗ ಆತ ಎದ್ದು ಕುಳಿತ.

"ಎಷ್ಟು ದೊಡ್ಡದು?"

"ಕಡಲೆಕಾಳಿಗಿಂತ ತುಸು ದೊಡ್ಡದು."

ಸ್ವಲ್ಪ ಹೊತ್ತು ನೆಲದ ಚಿತ್ರವನ್ನೇ ನೋಡಿದ. "ಖಣ್ಯಾಗ ನೀರು ತುಂಬ್ತಾವ್ರಿ" ಎಂದು ತಾನಾಗಿಯೇ ಶುರು ಮಾಡಿದ. "ಪಂಪ ಹಚ್ಚಿ ಹೊರಗ ಹಾಕ್ತೀವಿ. ಪೈಪಿನಾಗ ಒಂದು ಕಲ್ಲಿನ ಹಳ್ಳು ಸಿಕ್ಕ್ರ ಸಾಕು, ನೀರು ಹೊರಗ ಬರಂಗಿಲ್ಲ, ತಿರುಗಿ ಪಂಪಿಗೇ ಒತ್ತತೈತಿ. ಪಂಪ ಕೆಟ್ಟಿರಂಗಿಲ್ಲ. ಪೈಪ ಕಟ್ಟಿರ್ತೈತಿ. ಹಿಂಗs ಏನ್ರಿ?"

ಇಷ್ಟು ಚೆನ್ನಾಗಿ ಯಾವ ವಿದ್ಯಾರ್ಥಿಯೂ ಹೇಳಿರಲಿಲ್ಲ. "ಹಿಂಗs" ಎಂದೆ. "ಬಿಟ್ಟರೆ ಪಂಪೂ ಹೋಗುತ್ತದೆ. ಬಲಗಡೆಯ ಪಂಪು ಮೊದಲೇ ಸಣ್ಣದು. ಅದಕ್ಕೆ ಕಲ್ಲಿನ ಬಾಜೂಕ ಒಂದು ಸಣ್ಣ ನಳಿಗೆ ಹಾಕಿ ನೀರು ಹೊರಗೆ ಬಿಡುತ್ತಾರೆ. ಕಲ್ಲು ಆಮೇಲೆ ಒಡೆಯುತ್ತಾರೆ."

"ಒಡೀಲಿ" ಎಂದ. ಹಾಗೆನ್ನುವಾಗಲೇ ಅವನ ಹಲ್ಲು ಕಟಕಟಿಸಿದವು. ಭುಜ ನಡುಗುತ್ತಿತ್ತು. ವನಜಾ ಕುತ್ತಿಗೆ ಮುಟ್ಟಿ ನೋಡಿದಳು. "ರೀ, ಮೈ ಕಾದ ಹಂಚಿನ ಹಂಗ ಅದ."

ಚಳಿಜ್ವರ. ಬೆಳಗಿನಿಂದ ಎರಡು ಸಲ ಬಂದು ಹೋಗಿತ್ತಂತೆ. ಕಂಪನ ಎಂದು ನಾನು ಹೇಳಿದ್ದು ಅವರಿಗೆ ಇದೇ ಎಂದು ಗೊತ್ತಾಗಿರಲಿಲ್ಲ.

ಬಸವಕಿರಣ ಆಟೋ ಹಿಡಿದು ತಂದ. ಐದು ಜನ ಹೇಗೆ ಕುಳಿತೆವೋ. ದಾರಿಯಲ್ಲಿ ಡಾಕ್ಟರ್ ಪ್ರಣೀತಾಗೆ ಫೋನ್ ಮಾಡಿದೆ. "ನೇರ ಎಮರ್ಜೆನ್ಸಿಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ" ಎಂದರು. ಬಾಲಾನಗರದಲ್ಲಿ ಟ್ರಾಫಿಕ್ ನಿಂತಿತು. ವನಜಾ ಚಂದಮ್ಮನ ಕೈ ಹಿಡಿದುಕೊಂಡಿದ್ದಳು. "ಅಂಜಬ್ಯಾಡ. ಹದಿನಾಲ್ಕು ವರ್ಷದ ಹಿಂದ ನನಗ ಗರ್ಭಚೀಲ ತೆಗೆದ್ರು. ಆಗ ಇವರು ಮಾತಾಡಿದ್ದು ಕೇಳಿ ನಾನೂ ಓಡಿ ಹೋಗಾಕಿನೇ ಇದ್ದೆ. ನರ್ಸಮ್ಮ ಒಬ್ಬಾಕಿ ಕೂತು ಹೇಳಿದ್ಲು ಅಂತ ಉಳದೆ" ಎಂದಳು. ನಾನು ಡ್ರೈವರನ ಪಕ್ಕದಲ್ಲಿ ಅರ್ಧ ಹೊರಗೆ ಕುಳಿತಿದ್ದೆ. ತಿರುಗಿ ನೋಡಲಾಗಲಿಲ್ಲ.

ಎಮರ್ಜೆನ್ಸಿಯಲ್ಲಿ ಡಾಕ್ಟರ್ ಬೇಗ ಬೇಗ ಹೇಳಿ ಕಾಗದ ಮುಂದಿಟ್ಟು "ಅರ್ಥಮಯ್ಯಿಂದಾ?" ಎಂದರು. ಸೂಗಪ್ಪ ತಲೆಯಾಡಿಸಲು ಹೊರಟ. "ಒಂದು ನಿಮಿಷ ಡಾಕ್ಟರ್, ಅರ್ಥವಾಗಿದ್ದನ್ನು ಆತನೇ ಹೇಳಲಿ" ಎಂದೆ. ನಡುಗುತ್ತಲೇ ಪಂಪು, ಪೈಪು, ಹಳ್ಳು ಎಲ್ಲ ಹೇಳಿದ. ಒಂದೊಂದೇ ಮಾತು ತೆಲುಗಿಗೆ ತಿರುಗಿಸಿದೆ. ಡಾಕ್ಟರ್ ಕೈಗವಸು ಹಾಕಿಕೊಳ್ಳುತ್ತ ಕೇಳಿ, "ಕರೆಕ್ಟ್. ನನಗಿಂತ ಚೆನ್ನಾಗಿ ಹೇಳಿದ" ಎಂದರು. ಸೂಗಪ್ಪ ಹೆಬ್ಬೆಟ್ಟು ಒತ್ತದೆ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದ.

ನಾಲ್ಕೂವರೆಗೆ ಒಳಗೆ ಕರೆದುಕೊಂಡು ಹೋದರು. ಐದೂಕಾಲಿಗೆ ನಳಿಗೆ ಕೂತಿತು ಎಂದು ಹೇಳಿದರು. ಒಳಗಿಂದ ಬಂದದ್ದು ಉಚ್ಚೆಯಲ್ಲ, ಕೀವಿನಂಥ ನೀರಂತೆ. ಮುಂದಿನ ಎರಡು ದಿನ ನೋಡಬೇಕಂತೆ.

ಜೂನ್ 23, ಭಾನುವಾರ

ಜ್ವರ 103. ಬಿಪಿ ಇಳಿದಿದೆ. ಐಸಿಯುನಲ್ಲಿಟ್ಟಿದ್ದಾರೆ. ವನಜಾ ಮೊಸರನ್ನ ಕಟ್ಟಿಕೊಂಡು ಬಂದಳು. ಚಂದಮ್ಮ ಮುಟ್ಟಲಿಲ್ಲ. ಹೀಗಿರುವಾಗ ನಾನು ಬರೆಯುವುದಾದರೂ ಏನು?

ಜೂನ್ 24, ಸೋಮವಾರ

102. ಡಾಕ್ಟರ್ "ನೋಡೋಣ" ಎಂದರು. ಚಂದಮ್ಮ "ನೋಡೋಣ ಅಂದ್ರ ಏನ್ರಿ ಸರ್?" ಎಂದಳು. ಎಲ್ಲ ಭಾಷೆಯ ಡಾಕ್ಟರರೂ ಹೇಳುವ ಮಾತು ಇದು. ನನಗೂ ಗೊತ್ತಿಲ್ಲವ್ವ ಎಂದೆ. ಡಾಕ್ಟರನ್ನೇ ಹೋಗಿ ಕೇಳಿ ಬಂದೆ. ಔಷಧ ಹಿಡಿದರೆ ನಾಳೆಗೆ ಇಳಿಯಬೇಕು, ಇಳಿಯದಿದ್ದರೆ ಔಷಧ ಬದಲಿಸುತ್ತಾರೆ ಎಂದರು. ಅದನ್ನೇ ಹೇಳಿದೆ. ಆಕೆ, "ಹಂಗಾರ ನಾಳಿತನಾ ಕಾಯೂದು" ಎಂದು ಎರಡು ತುತ್ತು ಉಂಡಳು.

ಸಮರ್ಥ್ ಕರೆಯಲಿಲ್ಲ.

ಜೂನ್ 25, ಮಂಗಳವಾರ

ಇಳಿಯಿತು!

ಬೆಳಿಗ್ಗೆ ಎಂಟಕ್ಕೆ ನಾನು ಹೋದಾಗ 99. ಮಧ್ಯಾಹ್ನ ಮೈ ಬೆವತು ತಣ್ಣಗಾಯಿತು. ಮೂರು ಗಂಟೆಗೆ ಸೂಗಪ್ಪ ಕಣ್ಣು ತೆರೆದು ಮೊದಲು ಕೇಳಿದ್ದು ರೊಟ್ಟಿ. ನರ್ಸು ಗಂಜಿ ಕೊಟ್ಟಳು. "ಇದು ರೊಟ್ಟಿ ಅಲ್ಲ" ಎಂದು ಸಿಟ್ಟಾದ. ಸಿಟ್ಟಾಗುವಷ್ಟು ಆರಾಮಾದ ಎಂದು ಚಂದಮ್ಮ ಕಾರಿಡಾರಿನ ಗೋಡೆಗೆ ಒರಗಿ ಅಲ್ಲಿಯೇ ಕುಸಿದು ಕುಳಿತಳು. ಗಟ್ಟಿಯಾಗಿ ಅತ್ತಳು. ನಾನು ಕಿಟಕಿಯ ಕಡೆ ನಿಂತು ಮೆಟ್ರೋ ಹೋಗುವುದನ್ನು ನೋಡಿದೆ. ಒಂದಾದ ಮೇಲೆ ಒಂದು ಎಷ್ಟೋ ಹೋದವು.

ಸಮರ್ಥ್‌ನ ಕೋಣೆಗೆ ನಾನಾಗಿಯೇ ಹೋದೆ. ಆದದ್ದನ್ನೆಲ್ಲ ಬರೆದ ಕಾಗದ ಕೊಟ್ಟು, ಇದರಲ್ಲಿ ತಪ್ಪು ನನ್ನದು, ಬೇರೆಯವರನ್ನು ಕೇಳಬೇಡಿ ಎಂದೆ. ಆತ ಓದಿದ. "ಸರ್, ನೀವು ಹೋಗಿ ಕರ್ಕೊಂಡು ಬರದೇ ಇದ್ದಿದ್ರೆ ಈ ಕಾಗದ ಬೇರೆ ಥರ ಇರ್ತಿತ್ತು. ಪ್ರಣೀತಾ ಮೇಡಂ ಬೆಳಿಗ್ಗೆ ಬಂದಿದ್ರು. ಪೇಷಂಟ್ ಹತ್ರ ತಿರುಗಿ ಹೇಳ್ಸೋದನ್ನ ಎಲ್ಲಾ ಭಾಷೆಯವ್ರೂ ಮಾಡ್ಬೇಕಂತೆ. ನೀವೇ ಹೇಳ್ಕೊಡ್ಬೇಕಂತೆ" ಎಂದ.

ಬರುವಾಗ ಒಂದು ಕುರ್ಚಿ ಹಾಕಿಕೊಂಡು "ಮೂತ್ರಪಿಂಡ ಹಾಗೂ ಮೂತ್ರಾಂಗ ವಿಭಾಗ"ದ ಫಲಕವನ್ನು ಕಿತ್ತೆ. ಅಂಟು ಗಟ್ಟಿ ಇತ್ತು, ಉಗುರು ಮುರಿಯಿತು.

ಜೂನ್ 30, ಭಾನುವಾರ

ಸೂಗಪ್ಪನಿಗೆ ಡಿಸ್ಚಾರ್ಜ್ ಆಗಿ ಮೂರು ದಿನ. ಶಾಪೂರ್‌ನಗರದಲ್ಲಿ ಇದ್ದಾನೆ. ಮೂರು ವಾರ ಬಿಟ್ಟು ಕಲ್ಲು ಒಡೆಯುತ್ತಾರೆ.

ಊಟ ಆದ ಮೇಲೆ ವನಜಾಳನ್ನು ಕೇಳಿದೆ. "ಆಗ ನಾನು ಏನಂದಿದ್ದೆ?"

"ಯಾವಾಗ?"

"ನಿನ್ನ ಆಪರೇಶನ್ ಆದಾಗ."

ಪಲ್ಯಕ್ಕೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನೀವು ಡಾಕ್ಟರ್ ಜೋಡಿ ಮಾತಾಡಿ ಬಂದು, ಗರ್ಭಕೋಶದ ಭಿತ್ತಿಯೊಳಗ ಗಂತಿಗಳು ಅವ, ಗರ್ಭಕೋಶ ನಿರ್ಮೂಲನ ಮಾಡ್ತಾರ ಅಂದ್ರಿ. ನಿರ್ಮೂಲನ. ಮಲೇರಿಯಾ ನಿರ್ಮೂಲನ ಅಂತ ಗ್ವಾಡೀ ಮ್ಯಾಲ ಬರೀತಾರಲ್ಲ, ಅಷ್ಟೇ ನನಗ ಗೊತ್ತಿದ್ದದ್ದು. ನನ್ನೊಳಗ ಏನೋ ಹುಳಾ ಆಗ್ಯಾವ, ಎಲ್ಲಾ ಸುಟ್ಟು ತೆಗೀತಾರ ಅನ್ಕೊಂಡೆ."

"ನನ್ನನ್ನು ಕೇಳಬೇಕಿತ್ತು."

"ಕೇಳಿದ್ದೆ. ನೀವು ಚಿತ್ರ ಬರೆದು ಭಾಗ ಹೆಸರಿಸಿದ್ರಿ."

ನನಗೆ ನೆನಪಿದೆ. ಒಳ್ಳೆಯ ಚಿತ್ರ. ಎಂಟು ಭಾಗಗಳಿಗೂ ಹೆಸರು ಬರೆದಿದ್ದೆ.

"ಅಂಜಿಕಿ ಬಂದಿತ್ತೇನು?" ಎಂದು ಕೇಳಿದೆ. ಹದಿನಾಲ್ಕು ವರ್ಷ ತಡವಾಗಿ.

ಅವಳು ಆಗ ಕೈ ನಿಲ್ಲಿಸಿದಳು. ಸಂಜೆಯ ದೀಪ ಹಚ್ಚುವ ತನಕ ಹೇಳಿದಳು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ.

ಜುಲೈ 9, ಮಂಗಳವಾರ

ನೋಟ್‌ಬುಕ್ಕಿನ ಎಡಗಡೆಯ ಹಾಳೆಗಳು ಖಾಲಿ ಇದ್ದವು. ಅಲ್ಲಿ ಬಂದವರ ಮಾತು ಬರೆದುಕೊಳ್ಳುತ್ತಿದ್ದೇನೆ. ಎದೆಯೊಳಗಿನದಕ್ಕೆ ಗುಂಡಿಗಿ ಅನ್ನುತ್ತಾರೆ. ಯಕೃತ್ತಿಗೆ ಕಲೀಜಿ, ಲಿವರ್ ಎಂದರೂ ನಡೆಯುತ್ತದೆ. ಬೀದರಿನವರಿಗೆ ಹಿಂದಿಯಲ್ಲೇ ಬೇಗ ಹತ್ತುತ್ತದೆ. ಸೊಂಟಕ್ಕೆ ಟೊಂಕ. ಟೊಂಕದ ನೋವು ಒಂದು, ಟೊಂಕ ಹಿಡಿದಿರುವುದು ಇನ್ನೊಂದು, ಟೊಂಕ ಬಿದ್ದುಹೋಗಿರುವುದು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಕಾಯಿಲೆ ಎಂದು ಡಾಕ್ಟರಿಗೆ ಹೇಳಿದೆ, ಅವರೂ ಬರೆದುಕೊಂಡರು.

ಒಬ್ಬಾಕೆಯ ರಿಪೋರ್ಟು ನೆಗೆಟಿವ್ ಬಂತು. "ನೆಗೆಟಿವ್ ಅಂದ್ರ ಕೆಟ್ಟದ್ದಲ್ಲೇನ್ರಿ?" ಎಂದು ಅಳುವ ಮುಖ ಮಾಡಿದಳು. ಇಲ್ಲಮ್ಮ, ಹುಡುಕಿದ್ರು, ಸಿಗಲಿಲ್ಲ, ಅಷ್ಟೇ ಅಂದೆ. ಕಾಲಿಗೆ ಬೀಳಲು ಬಂದಳು. ನಾನೇನು ಮಾಡಿದೆ?

ಜುಲೈ 19, ಶುಕ್ರವಾರ

ಸೂಗಪ್ಪನ ಕಲ್ಲು ಒಡೆದರು. ಅರ್ಧ ಗಂಟೆಯ ಕೆಲಸ. ಚೂರುಗಳನ್ನು ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟರು.

ಎಚ್ಚರಾದ ಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಲ್ಲಾಡಿಸಿ, ಬಹಳ ಹೊತ್ತು ಪರೀಕ್ಷೆ ಮಾಡಿದ. ಮೂವತ್ತು ವರ್ಷ ಕಲ್ಲು ನೋಡಿದ ಕಣ್ಣು.

"ಜಾತಿ ಕಲ್ಲಲ್ರಿ ಇದು" ಎಂದ. "ಆಳೆತ್ತರದ ಬಂಡಿಗಲ್ಲು ಸೀಳೀನಿ. ಇಷ್ಟs ಇಷ್ಟು ಬೆಣಚಿ ನನ್ನ ಕೆಡವಿತ್ತಲ್ರಿ ಮಾಸ್ತರ!"

ಇಷ್ಟು ದಿನ ಸರ್ ಅನ್ನುತ್ತಿದ್ದ. ಇವತ್ತು ಮಾಸ್ತರ ಅಂದ.

ಒಳಗಿನ ನಳಿಗೆ ಎರಡು ವಾರ ಇರಬೇಕು. ನಾನು ಹೇಳುವ ಮೊದಲೇ ಚಂದಮ್ಮ ಎಲ್ಲ ತಿರುಗಿ ಒಪ್ಪಿಸಿದಳು: ಉಚ್ಚಿ ಕೆಂಪಗ ಬಂದ್ರ ಅಂಜಬಾರದು, ನೀರು ಭಾಳ ಕುಡೀಬೇಕು, ಚಳಿಜ್ವರ ಬಂದ್ರ ಕುಂತಲ್ಲಿಂದ ಎದ್ದು ಬರಬೇಕು.

ಆಗಸ್ಟ್ 2, ಶುಕ್ರವಾರ

ಇವತ್ತು ನಳಿಗೆ ತೆಗೆದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದು ಸಲ ಉಚ್ಚೆ ಹೊಯ್ದು ನೋಡಿ, ಸರಿ ಹೋದರೆ ಊರಿಗೆ ಹೋಗಬಹುದು ಎಂದರು ಡಾಕ್ಟರ್. ಸೂಗಪ್ಪ ಎರಡು ಬಾಟಲಿ ನೀರು ಕುಡಿದು ಬೆಂಚಿನ ಮೇಲೆ ಕುಳಿತ. ನಾವೆಲ್ಲ ಕಾದೆವು. ವನಜಾಳೂ ಬಂದಿದ್ದಳು, ಚಂದಮ್ಮನಿಗೆ ದಾರಿಗೆಂದು ಚಟ್ನಿಪುಡಿ ತಂದಿದ್ದಳು. ಬೆಂಚಿನಲ್ಲಿ ಯಾದಗಿರಿಯ ಒಬ್ಬ ಹೊಸಬ ಇದ್ದ, ಅವನಿಗೂ ಕಲ್ಲು. ಸೂಗಪ್ಪ ಅವನಿಗೆ ಪಂಪು, ಪೈಪು ಎಲ್ಲ ಕೈ ಮಾಡಿ ತೋರಿಸುತ್ತಿದ್ದ. ಆ ಹೊಸಬ ನನ್ನ ಕಿವಿಯ ಹತ್ತಿರ ಬಂದು, "ಇವರು ಯಾವ ಡಾಕ್ಟರ್ರೀ?" ಎಂದ.

ಮುಕ್ಕಾಲು ಗಂಟೆ ಆದ ಮೇಲೆ ಸೂಗಪ್ಪ ಎದ್ದು ಒಳಗೆ ಹೋದ. ಚಂದಮ್ಮ ಬಾಗಿಲು ನೋಡುತ್ತ ನಿಂತಳು. ಡಾಕ್ಟರ್ ಪ್ರಣೀತಾ ರೌಂಡ್ಸ್ ಮುಗಿಸಿ ಅದೇ ಕಡೆಗೆ ಬಂದರು.

ಬಾಗಿಲು ತೆರೆಯಿತು. ಸೂಗಪ್ಪ ಲುಂಗಿ ಸರಿ ಮಾಡಿಕೊಳ್ಳುತ್ತ ನಿಂತು, ಖಣಿಯ ಈ ದಂಡೆಯಿಂದ ಆ ದಂಡೆಗೆ ಕೂಗುವವನ ಹಾಗೆ ಕೂಗಿದ.

"ಚಂದೀ! ಹಳ್ಳ ಹರದಂಗ ಹೋತು ನೋಡs!"

ಚಂದಮ್ಮ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೆಂಚಿನಲ್ಲಿದ್ದ ಕನ್ನಡದವರೆಲ್ಲ ನಕ್ಕರು, ತೆಲುಗಿನವರು ಯಾಕೆಂದು ಗೊತ್ತಾಗದೆ ನಕ್ಕರು. ವನಜಾ ಕಣ್ಣು ಒರೆಸಿಕೊಂಡಳು. ನನ್ನ ಎದೆಯ ಮೇಲಿಂದ ಏನೋ ಇಳಿದು ಹೋಯಿತು. ಅಷ್ಟು ದಿನ ಅದನ್ನು ಹೊತ್ತುಕೊಂಡಿದ್ದೆ ಎಂದು ಆಗಲೇ ಗೊತ್ತಾದದ್ದು.

"ಏನಂದ, ಏನಂದ?" ಎಂದು ಡಾಕ್ಟರ್ ನನ್ನನ್ನು ಕೇಳಿದರು.

ಹೇಳಿದೆ. ತೆಲುಗಿನಲ್ಲಿ ಅಷ್ಟು ಚೆನ್ನಾಗಿ ಬರಲಿಲ್ಲ. ಆದರೂ ಅವರು ನಕ್ಕರು.